ಭಯಭಕ್ತಿಗೆ ನೂರಕ್ಕೆ ನೂರು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಇಗರ್ಜಿಯಲ್ಲಿ ಭಯಭಕ್ತಿಗೆ ಶೀಲ್ಡ್ ಇಡುವ ಆಲೋಚನೆ ನನ್ನದಲ್ಲ, ಸಿಲ್ವೆಸ್ಟರನದ್ದು. ಆದರೆ ಆ ಶೀಲ್ಡ್ ಗೆಲ್ಲಲೇಬೇಕೆಂದು ಹಟ ಹಿಡಿದು, ಎರ್ಮಾಳಿನಿಂದ ಮೀನು ತರುವ ಅಕ್ಕುವಿನ ತಲೆಗೆ ಲೇಸಿನ ವೇಲ್ ಹೊದಿಸಿ ಮೊದಲ ಬೆಂಚಿನಲ್ಲಿ ಕೂರಿಸಿದವಳು ನಾನೇ. ತಪ್ಪು ಮಾಡಿದವರು ಎದ್ದು ನಿಲ್ಲಿ ಎಂದು ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಈಗ ನಾನು ಎದ್ದು ನಿಂತಿದ್ದೇನೆ.

ನನ್ನ ಹೆಸರು ಸೆಲೀನ್. ಶಿರ್ವದಿಂದ ಕಾಪುವಿಗೆ ಹೋಗುವ ದಾರಿಯ ಪಕ್ಕದ ಶಾಲೆಯಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದವಳು. ಊರಿನವರು ತಮ್ಮತಮ್ಮಲ್ಲಿ ಕೊಂಕಣಿಯೋ ತುಳುವೋ ಏನು ಬೇಕಾದರೂ ಮಾತಾಡಿಕೊಳ್ಳಲಿ, ನನ್ನೆದುರು ಬಂದರೆ ಕನ್ನಡ. ಅದೂ ಪೂರ್ತಿ ಕ್ರಿಯಾಪದ ಹಾಕಿ. ನಾನು ತಿದ್ದುತ್ತೇನೆಂಬ ಹೆದರಿಕೆ ಅವರಿಗೆ. ಇಗರ್ಜಿಯ ವಾರ್ಡಿಗೆ ನಮ್ಮಲ್ಲಿ ವಾಳೆ ಎನ್ನುತ್ತಾರೆ, ಅದರ ಮುಖ್ಯಸ್ಥನಿಗೆ ಗುರಿಕಾರ. ನಾನು ಸಂತ ಅನ್ನಮ್ಮನ ವಾಳೆಗೆ ಹನ್ನೊಂದು ವರ್ಷದಿಂದ ಗುರಿಕಾರ್ತಿ. ಈ ಹನ್ನೊಂದು ವರ್ಷದಲ್ಲಿ ನಮ್ಮ ವಾಳೆ ಹಗ್ಗಜಗ್ಗಾಟದಿಂದ ಹಿಡಿದು ಕ್ರಿಸ್ಮಸ್ ಗೋದಲಿಯವರೆಗೆ ಎಲ್ಲದರಲ್ಲೂ ಕೊನೆಯ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಕಾರಣ ಸರಳ. ನಮ್ಮಲ್ಲಿ ಇಪ್ಪತ್ತಾರು ಮನೆಗಳಿವೆ, ಎಲ್ಲವೂ ಅರಮನೆಗಳು, ಹದಿನಾಲ್ಕಕ್ಕೆ ಬೀಗ. ಮನೆಯವರು ದುಬೈಯಲ್ಲೋ ಮಸ್ಕತ್ತಿನಲ್ಲೋ ಇದ್ದಾರೆ. ಸಿಲ್ವೆಸ್ಟರ್ ಫಾತಿಮಾ ವಾಳೆಯ ಗುರಿಕಾರ, ಕೇಟರಿಂಗ್ ಮತ್ತು ಮೈಕ್ ಸೆಟ್ಟಿನ ಯಜಮಾನ. ಕಳೆದ ವರ್ಷ ಗೋದಲಿಯ ಬಹುಮಾನ ಹಿಡಿದುಕೊಂಡು ಅವನು ಮೈಕಿನಲ್ಲೇ, "ನಮ್ಮ ಸೆಲೀನ್ ಟೀಚರ್ ಬೀಗಗಳಿಗೆ ಗುರಿಕಾರ್ತಿ" ಎಂದಿದ್ದ. ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ.

ಹೊಸದಾಗಿ ಬಂದ ಮ್ಯಾಕ್ಸಿಮ್ ಫಾದರ್ ಕಾರ್ಕಳ ಕಡೆಯವರು, ಇನ್ನೂ ಎಳೆಯ ಪ್ರಾಯ, ಬಹಳ ಓದಿದವರು. ನಮ್ಮ ಭಾನುವಾರದ ಪೂಜೆ ನೋಡಿ ಅವರಿಗೆ ನಿದ್ದೆ ಹಾರಿತು. ಉಪದೇಶದ ಪ್ರಸಂಗ ಶುರುವಾದ ಕೂಡಲೇ ಗಂಡಸರು ಹೊರಗಿನ ಮಾವಿನ ಮರದಡಿಗೆ. ಹೆಂಗಸರ ಕಡೆ ಮಲ್ಲಿಗೆ ಹೂವಿನ ಅಟ್ಟೆಗೆ ಇವತ್ತು ರೇಟು ಎಷ್ಟಂತೆ ಎಂಬ ಚರ್ಚೆ. ಫಾದರ್ ಪ್ರಸಾದದ ರೊಟ್ಟಿ ಎತ್ತಿಹಿಡಿದ ಆ ಪವಿತ್ರ ಗಳಿಗೆಯಲ್ಲೇ ನಮ್ಮ ವಾಳೆಯ ಮ್ಯಾಥ್ಯೂವಿನ ಮೊಬೈಲು ಚೆಂಡೆ ಬಾರಿಸಿತು. ಅವನು ರಿಕ್ಷಾ ಓಡಿಸುವವನು. ಫೋನು ಆಫ್ ಮಾಡುವ ಬದಲು, "ಪೂಜೆಯಲ್ಲಿ ಇದ್ದೇನೆ, ಹತ್ತು ನಿಮಿಷದಲ್ಲಿ ಬರುತ್ತೇನೆ" ಎಂದು ಉತ್ತರ ಕೊಟ್ಟ.

ಫಾದರ್ ಸತತ ಮೂರು ಭಾನುವಾರ ಇದೇ ವಿಷಯದ ಮೇಲೆ ಪ್ರಸಂಗ ಮಾಡಿದರು. ದೇವರ ಮುಂದೆ ನಿಂತವರಿಗೆ ಮೈ ನಡುಗಬೇಕು, ಕಾಲಿನ ಕೆರ ಕಳಚಬೇಕು ಅನ್ನಿಸಬೇಕು ಎಂದರು. ಮೂರನೆಯ ವಾರ ನಮ್ಮ ವಾಳೆಯ ಎಡ್ಮಂಡ್ ಹೋಗಿ, "ಪ್ರಸಂಗ ಭಾರೀ ಲಾಯ್ಕಿತ್ತು ಫಾದರ್, ಮರದಡಿಗೂ ಕೇಳಿಸ್ತಾ ಇತ್ತು" ಎಂದ.

ಆಮೇಲಿನ ಇಗರ್ಜಿಯ ಪಾಲನಾ ಮಂಡಳಿ ಸಭೆಯಲ್ಲಿ ಸಿಲ್ವೆಸ್ಟರ್ ಎದ್ದ. "ಫಾದರ್, ನಮ್ಮೂರಿನಲ್ಲಿ ಶೀಲ್ಡ್ ಇಡದೆ ಎಂತದ್ದೂ ಆಗುವುದಿಲ್ಲ. ಹಗ್ಗ ಎಳೆಯುವುದಕ್ಕೆ ಉಂಟು, ಕೇಕ್ ಮಾಡುವುದಕ್ಕೆ ಉಂಟು. ಭಕ್ತಿ ಮಾತ್ರ ಪುಕ್ಕಟೆ ಬರಬೇಕು ಅಂದರೆ ಹೇಗೆ?"

"ಭಯಭಕ್ತಿಗೆ ಅಂಕ ಕೊಡುವುದು ಹೇಗೆ ಮಾರಾಯ್ರೆ?" ಎಂದರು ಫಾದರ್.

"ಮೊಣಕಾಲೂರುವುದಕ್ಕೆ ಇಪ್ಪತ್ತೈದು, ಮೌನಕ್ಕೆ ಇಪ್ಪತ್ತೈದು, ಪ್ರಸಾದದ ಸಾಲಿಗೆ ಇಪ್ಪತ್ತೈದು, ಮುಖಭಾವಕ್ಕೆ ಇಪ್ಪತ್ತೈದು. ವಾಳೆಗೆ ಕಡಿಮೆಯೆಂದರೆ ನಲವತ್ತು ಮಂದಿ ಬೇಕು. ಒಬ್ಬ ಕಡಿಮೆಯಾದರೂ ಸ್ಪರ್ಧೆಯಿಂದ ಔಟ್." ಕೊನೆಯ ಮಾತು ಹೇಳುವಾಗ ಅವನು ನನ್ನನ್ನೇ ನೋಡಿದ.

ಫಾದರ್ ಬೇಡವೆಂದರು, ತಲೆ ಕೆರೆದುಕೊಂಡರು, ಕೊನೆಗೆ ಮೌನವಾದರೂ ಬರಲಿ ಎಂದು ಒಪ್ಪಿದರು. ವಾರ್ಷಿಕ ಹಬ್ಬಕ್ಕೆ ಮೊದಲು ಬರುವ ಭ್ರಾತೃತ್ವದ ಭಾನುವಾರವೇ ಸ್ಪರ್ಧೆ, ತೀರ್ಪುಗಾರರು ಉಡುಪಿ ಕಡೆಯಿಂದ ಮೂವರು ಎಂದು ತೀರ್ಮಾನವಾಯಿತು.

ನನ್ನ ಗುರಿಕಾರಿಕೆಗೆ ಅದೇ ಕೊನೆಯ ವರ್ಷ. ಈ ಒಂದು ಶೀಲ್ಡಾದರೂ ಹಿಡಿದುಕೊಂಡು ಇಳಿಯಬೇಕು ಅಂದುಕೊಂಡೆ. ಮರುದಿನದಿಂದಲೇ ನಮ್ಮ ಅಂಗಳದಲ್ಲಿ ಸಂಜೆ ಐದಕ್ಕೆ ಡ್ರಿಲ್. ಮಕ್ಕಳು ಮುದುಕರು ಸೇರಿ ಸರಿಯಾಗಿ ನಲವತ್ತು ಮಂದಿ, ಒಬ್ಬ ಹೆಚ್ಚಿಲ್ಲ.

"ಎಲ್ಲರೂ ನನ್ನನ್ನೇ ನೋಡಿ. ನಾನು ನಿಂತರೆ ನಿಲ್ಲಬೇಕು, ಕೂತರೆ ಕೂರಬೇಕು, ಮೊಣಕಾಲೂರಿದರೆ ಊರಬೇಕು. ಸ್ವಂತ ಬುದ್ಧಿ ಯಾರೂ ಉಪಯೋಗಿಸಬಾರದು."

"ಮುಖಭಾವ ಹೇಗಿರಬೇಕು ಟೀಚರ್?" ಎಂದ ಮ್ಯಾಥ್ಯೂ.

"ನನ್ನ ಹಾಗೆ."

"ಅದು ಸಿಟ್ಟಿನ ಮುಖ ಅಲ್ವಾ?"

ನಗಬೇಕಾದವರು ನಕ್ಕರು. ಆದರೆ ರಾತ್ರಿ ಕನ್ನಡಿ ನೋಡಿಕೊಂಡಾಗ ಅವನು ಹೇಳಿದ್ದು ಸುಳ್ಳಲ್ಲ ಅನ್ನಿಸಿತು. ಒಂದು ಸತ್ಯ ಹೇಳುತ್ತೇನೆ. ಪೂಜೆಯಲ್ಲಿ ನನಗೆ ಭಯವೋ ಭಕ್ತಿಯೋ ಆಗಿ ಎಷ್ಟೋ ವರ್ಷವಾಗಿತ್ತು. ನಾನು ಇಗರ್ಜಿಯಲ್ಲಿ ಪ್ರಾರ್ಥಿಸುತ್ತಿರಲಿಲ್ಲ, ಹಾಜರಿ ಹಾಕುತ್ತಿದ್ದೆ. ಯಾರು ಬಂದರು, ಯಾರು ತಡವಾಗಿ ಬಂದರು, ಯಾರ ರವಿಕೆಯ ಬೆನ್ನು ಎಷ್ಟು ಇಳಿದಿದೆ, ಎಲ್ಲವೂ ನನ್ನ ಲೆಕ್ಕದಲ್ಲಿತ್ತು. ಎಂಟನೆಯ ವಯಸ್ಸಿನಲ್ಲಿ ಮೊದಲ ಪರಮ ಪ್ರಸಾದಕ್ಕೆ ಹೋದ ದಿನ ಹೀಗಿರಲಿಲ್ಲ. ಹಿಂದಿನ ರಾತ್ರಿಯಿಂದ ನೀರೂ ಕುಡಿಯಬಾರದು ಎಂಬ ನಿಯಮ ಆಗಲೇ ಬದಲಾಗಿತ್ತು, ನನ್ನ ಅಜ್ಜಿಯ ನಿಯಮ ಬದಲಾಗಿರಲಿಲ್ಲ. "ಹಲ್ಲಿಗೆ ತಾಗಿಸಬೇಡ ಮಗಾ, ದೇವರು ಅದು" ಎಂದು ಅಜ್ಜಿ ಕಿವಿಯಲ್ಲಿ ಹೇಳಿದ್ದರು. ಮೊಣಕಾಲು ಗಡಗಡ ನಡುಗಿತ್ತು. ಆ ನಡುಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ನಾನೇ ಉದಾಹರಣೆಯಾಗಿ ಕೂತಿದ್ದೆ.

ಸ್ಪರ್ಧೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನು ಬಂತು. ಎಡ್ಮಂಡನ ಹೆಂಡತಿ. "ಟೀಚರ್, ಇವರು ನಿನ್ನೆ ಕಾರ್ಕಳದಲ್ಲಿ ಮದುವೆಯ ಮುನ್ನಾದಿನದ ರೋಸಿನ ಊಟಕ್ಕೆ ಹೋಗಿದ್ದರು. ಹಂದಿಮಾಂಸ ಮೂರು ಸಲ ಹಾಕಿಸಿಕೊಂಡರಂತೆ. ಈಗ ಪಾಯಿಖಾನೆಯಿಂದ ಹೊರಗೆ ಬರ್ತಾ ಇಲ್ಲ."

"ಒಂದು ಗಂಟೆ ತಡೆದುಕೊಳ್ಳಲಿಕ್ಕೆ ಹೇಳು!"

"ಒಂದು ನಿಮಿಷಕ್ಕೂ ಗ್ಯಾರಂಟಿ ಇಲ್ಲ."

ಮೂವತ್ತೊಂಬತ್ತು. ಸಿಲ್ವೆಸ್ಟರ್ ಮೈಕಿನ ಮುಂದೆ ನಿಂತು ಏನೇನು ಹೇಳುತ್ತಾನೆಂದು ಕಿವಿಗೆ ಈಗಲೇ ಕೇಳಿಸಿತು. ಸರಿಯಾಗಿ ಅದೇ ಹೊತ್ತಿಗೆ ಗೇಟಿನಲ್ಲಿ, "ಬಾಯಮ್ಮಾ, ಬಂಗುಡೆ ಉಂಟು, ಫ್ರೆಶ್!" ಎಂಬ ಸ್ವರ.

ಮೂವತ್ತು ವರ್ಷದಿಂದ ನಮ್ಮ ಮನೆಗೆ ಮೀನು ಕೊಡುವ ಅಕ್ಕು. ಗಂಡ ಕೂಸಪ್ಪ ದೋಣಿಯವನು. ತಲೆಯ ಮೇಲೆ ಬುಟ್ಟಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಪ್ಪು ಚಪ್ಪಲಿ. ಅವಳನ್ನು ಮೇಲಿನಿಂದ ಕೆಳಗೆ ನೋಡಿದೆ. ಪ್ರಾಯ ಸರಿ, ಎತ್ತರ ಸರಿ. ಹಣೆಯ ಕುಂಕುಮವೊಂದು ವೇಲಿನ ಒಳಗೆ ಹೋದರೆ ಸಾಕು.

"ಅಕ್ಕು, ಒಂದು ಗಂಟೆ ನನ್ನ ಜೊತೆ ಇಗರ್ಜಿಗೆ ಬರುತ್ತೀಯಾ? ಎಂತದ್ದೂ ಮಾತಾಡುವುದು ಬೇಡ. ನಾನು ಮಾಡಿದ ಹಾಗೆ ಮಾಡಿದರೆ ಆಯಿತು. ಬುಟ್ಟಿಯಲ್ಲಿ ಇದ್ದದ್ದೆಲ್ಲ ನನಗೇ ಇರಲಿ."

ಮೀನು ಮಾರಿಹೋದದ್ದಕ್ಕಿಂತ ಹೆಚ್ಚಿನ ಖುಷಿ ಅವಳ ಮುಖದಲ್ಲಿ ಕಂಡಿತು. "ಪೂಜೆ ಆಗುವಾಗ ಒಳಗೆ ಬರಬಹುದಾ ಬಾಯಮ್ಮಾ? ಇಷ್ಟು ವರ್ಷ ಗೇಟಿನ ಹತ್ತಿರ ನಿಂತು ಕೈ ಮುಗಿದದ್ದೇ ಹೊರತು ಒಳಗೆ ನೋಡಲಿಲ್ಲ." ಮರುಕ್ಷಣವೇ ಮುಖ ಚಿಕ್ಕದು ಮಾಡಿದಳು. "ಆದರೆ ಸ್ನಾನ ಆಗಬೇಕು. ಮೀನು ಮುಟ್ಟಿದ ಕೈಯಲ್ಲಿ ದೇವರ ಎದುರು ಹೋಗುವುದು ಎಂತದ್ದು?"

"ಅದೆಲ್ಲ ನಮ್ಮಲ್ಲಿ ಇಲ್ಲ. ಬೇಗ ಬಾ!"

"ನಿಮ್ಮಲ್ಲಿ ಇಲ್ಲದಿದ್ದರೆ ಬೇಡ. ನನಗೆ ಬೇಕು."

ಅವಳು ನನ್ನ ಬಚ್ಚಲಿನಲ್ಲಿ ಹತ್ತೊಂಬತ್ತು ತಂಬಿಗೆ ನೀರು ಹೊಯ್ದುಕೊಂಡಳು. ನಾನು ಹೊರಗೆ ನಿಂತು ಎಣಿಸುತ್ತ ಬಾಗಿಲು ಬಡಿಯುತ್ತಿದ್ದೆ. ನನ್ನ ನೀಲಿ ಸೀರೆ ಉಡಿಸಿದೆ, ಮಸ್ಕತ್ತಿನ ಮಗ ತಂದ ಸೆಂಟು ಅರ್ಧ ಬಾಟಲಿ ಸುರಿದೆ, ವೇಲನ್ನು ಹುಬ್ಬಿನವರೆಗೆ ಎಳೆದೆ. ಇಗರ್ಜಿಯ ಮೆಟ್ಟಿಲಿನಲ್ಲಿ ಅವಳು ಚಪ್ಪಲಿ ಬಿಡಲು ಬಗ್ಗಿದಳು.

"ಹಾಕಿಕೊಂಡೇ ಬಾ, ಎಲ್ಲರೂ ಹಾಕಿಕೊಂಡೇ ಹೋಗುವುದು."

ಅವಳು ನನ್ನ ಮುಖ ನೋಡಿದಳು, ನನ್ನ ಚಪ್ಪಲಿ ನೋಡಿದಳು. ತನ್ನದನ್ನು ಬಿಟ್ಟು ಬರಿಗಾಲಲ್ಲಿ ಬಂದಳು. ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಮೊದಲ ಬೆಂಚಿನ ತುದಿಯಲ್ಲಿ ನಾನು, ಪಕ್ಕದಲ್ಲಿ ಅಕ್ಕು. ಹಿಂದಿನ ಬೆಂಚಿನಿಂದ ಮ್ಯಾಥ್ಯೂ ಬಗ್ಗಿದ. "ಟೀಚರ್, ಇದು ನಮ್ಮ ಮೀನಿನ ಅಕ್ಕು ಅಲ್ವಾ?"

"ಮೌನಕ್ಕೆ ಇಪ್ಪತ್ತೈದು ಅಂಕ ಉಂಟು, ಬಾಯಿ ಮುಚ್ಚು."

ಮೇಲೆ, ಎಲ್ಲರ ಮುಖ ಕಾಣುವ ಹಾಡಿನವರ ಅಟ್ಟದಲ್ಲಿ ತೀರ್ಪುಗಾರರು ಮೂವರು ಕಾಗದ ಪೆನ್ನು ಹಿಡಿದು ಕೂತಿದ್ದರು. ಆ ದಿನದ ಪೂಜೆಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಗಂಡಸರೆಲ್ಲ ಒಳಗಿದ್ದರು. ಮಾವಿನ ಮರದಡಿ ಒಂದು ನಾಯಿ ಮಾತ್ರ ಇತ್ತು. ಅಕ್ಕು ನಾನು ನಿಂತಾಗ ನಿಂತಳು, ಕೂತಾಗ ಕೂತಳು, ಉಳಿದ ಹೊತ್ತೆಲ್ಲ ತಲೆಯೆತ್ತಿ ಮೇಲಕ್ಕೇ ನೋಡುತ್ತಿದ್ದಳು. ನನಗೆ ಅಂಕಗಳದ್ದೇ ಧ್ಯಾನ. ಫಾತಿಮಾ ವಾಳೆಯ ಮಗುವೊಂದು ಅತ್ತಿತು, ಎರಡು ಅಂಕ ಹೋಯಿತು. ಸಿಲ್ವೆಸ್ಟರ್ ಕೆಮ್ಮಿದ, ಇನ್ನೊಂದು ಹೋಯಿತು. ನಮ್ಮ ನಲವತ್ತು ಮಂದಿ ಒಂದೇ ಸಪ್ಪಳದಲ್ಲಿ ಮೊಣಕಾಲೂರಿದರು. ಶೀಲ್ಡಿನ ಮೇಲೆ ನನ್ನ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ ಬರಬಹುದೆಂದು ನೋಡುತ್ತಿದ್ದೆ.

ಪರಮ ಪ್ರಸಾದದ ಹೊತ್ತಾಯಿತು. ಫಾದರ್ ಪಾತ್ರೆ ಹಿಡಿದು ನಮ್ಮ ಬೆಂಚಿನ ಮುಂದೆ ಬಂದು ನಿಂತರು. ಸಾಲು ನನ್ನಿಂದಲೇ ಶುರು. ನಾನು ಅರ್ಧ ಎದ್ದೆ. ಪಕ್ಕದಲ್ಲಿ ಅಕ್ಕುವೂ ಅರ್ಧ ಎದ್ದು ನನ್ನ ಕಿವಿಯಲ್ಲಿ ಕೇಳಿದಳು, "ಬಾಯಮ್ಮಾ, ಪ್ರಸಾದಕ್ಕೆ ಯಾವ ಕೈ ಮೇಲೆ ಬರಬೇಕು?"

ಆಗ ನನಗೆ ಹೊಳೆಯಿತು. ಸ್ನಾನ, ಸೀರೆ, ವೇಲ್, ಸೆಂಟು ಎಲ್ಲವನ್ನೂ ಯೋಚಿಸಿದ್ದೆ, ಇದೊಂದನ್ನು ಬಿಟ್ಟು. ಪರಮ ಪ್ರಸಾದವೆಂದರೆ ನಮಗೆ ಪಂಚಕಜ್ಜಾಯವಲ್ಲ, ಕ್ರಿಸ್ತನ ಶರೀರ. ದೀಕ್ಷಾಸ್ನಾನ ಆಗದವರು ಅದನ್ನು ಮುಟ್ಟುವ ಹಾಗಿಲ್ಲ. ಅವಳಿಗೆ ಅದು ಗೊತ್ತಿಲ್ಲ, ನನಗೆ ಗೊತ್ತಿದೆ. ಅವಳನ್ನು ಕೂರಿಸಿ ನಾನು ಹೋದರೆ? ನಾನು ಮಾಡಿದ ಹಾಗೆ ಮಾಡು ಎಂದವಳು ನಾನೇ, ಇಲ್ಲಿ ಗುಸುಗುಸು ವಿವರಣೆ ಕೊಡುತ್ತ ನಿಂತರೆ ಮೌನದ ಅಂಕ ಪೂರ್ತಿ ಹೋಗುತ್ತದೆ, ಮೇಲಿನವರಿಗೆ ಸಂಶಯವೂ ಬರುತ್ತದೆ. ಫಾದರ್ ಹೊಸಬರು, ಯಾರು ಏನೆಂದು ಗೊತ್ತಿಲ್ಲ, ಅವಳ ಕೈಗೂ ಹಾಕಿಬಿಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಹೌದು, ಒಂದು ಕ್ಷಣ ಹಾಗೆಯೇ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ.

ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡು ತಲೆಯೆತ್ತಿದೆ. ಫಾದರ್ ಎತ್ತಿ ಹಿಡಿದ ಆ ಬಿಳಿಯ ರೊಟ್ಟಿ ನನ್ನ ಮುಖದ ಮುಂದೆಯೇ ಇತ್ತು. ಹಲ್ಲಿಗೆ ತಾಗಿಸಬೇಡ ಮಗಾ. ಮೊಣಕಾಲು ನಡುಗಲು ಶುರುವಾಯಿತು, ಆಮೇಲೆ ಕೈ, ಆಮೇಲೆ ಗದ್ದ. ನಿಂತಿರಲು ಆಗಲಿಲ್ಲ. ಧೊಪ್ಪೆಂದು ಮೊಣಕಾಲೂರಿ ತಲೆ ಬಗ್ಗಿಸಿದೆ. ನಾನು ಏಳಲಿಲ್ಲ.

ಅಕ್ಕುವೂ ಮೊಣಕಾಲೂರಿದಳು. ನನಗೆ ಜೀವ ಬಂತು. ಆದರೆ ಹಿಂದಿನಿಂದ ಧಡ್ ಎಂಬ ಒಂದೇ ಸಪ್ಪಳ ಕೇಳಿದಾಗ ಬಂದ ಜೀವ ಮತ್ತೆ ಹೋಯಿತು. ಮೂವತ್ತೆಂಟು ಮಂದಿಯೂ ಮೊಣಕಾಲೂರಿದ್ದರು. ಸ್ವಂತ ಬುದ್ಧಿ ಉಪಯೋಗಿಸಬಾರದು ಎಂದಿದ್ದೆನಲ್ಲ!

"ಟೀಚರ್, ಇದು ಡ್ರಿಲ್‌ನಲ್ಲಿ ಇರಲಿಲ್ಲ," ಎಂದು ಮ್ಯಾಥ್ಯೂ ಪಿಸುಗುಟ್ಟಿದ. ಫಾದರ್ ರೊಟ್ಟಿ ಹಿಡಿದುಕೊಂಡು ನಮ್ಮ ಐದು ಬೆಂಚುಗಳನ್ನೂ ನೋಡಿದರು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಫಾತಿಮಾ ವಾಳೆಯ ಕಡೆಗೆ ತಿರುಗಿದರು.

ಪೂಜೆಯ ನಂತರ ಅಂಗಳದ ವೇದಿಕೆಯಲ್ಲಿ ಫಲಿತಾಂಶ. ತೀರ್ಪುಗಾರರಲ್ಲಿ ಹಿರಿಯರಾದ ಸಿಸ್ಟರ್ ಒಬ್ಬರು ಮೈಕ್ ಹಿಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಲವತ್ತು ವರ್ಷದಿಂದ ಕನ್ಯಾಸ್ತ್ರೀಯಾಗಿದ್ದೇನೆ. ಒಂದು ವಾಳೆಗೆ ವಾಳೆಯೇ ತಾವು ಯೋಗ್ಯರಲ್ಲವೆಂದು ದೇವರ ಮುಂದೆ ಕುಸಿದದ್ದನ್ನು ಇವತ್ತೇ ನೋಡಿದ್ದು. ಮೊದಲ ಬೆಂಚಿನಲ್ಲಿ ನೀಲಿ ಸೀರೆಯ ಒಬ್ಬ ತಾಯಿ, ಪೂಜೆ ಪೂರ್ತಿ ಅವರ ಕಣ್ಣು ಸ್ವರ್ಗದ ಕಡೆಗೇ ನೆಟ್ಟಿತ್ತು. ಸಂತ ಅನ್ನಮ್ಮನ ವಾಳೆಗೆ ನೂರಕ್ಕೆ ನೂರು!"

ಮ್ಯಾಥ್ಯೂ ಶಿಳ್ಳೆ ಹೊಡೆದ. ನಮ್ಮವರು ಕುಣಿದರು. ನನ್ನನ್ನು ವೇದಿಕೆಗೆ ತಳ್ಳಿದರು. ಹನ್ನೊಂದು ವರ್ಷ ಕನಸು ಕಂಡ ಶೀಲ್ಡ್ ಕೈಗೆ ಬಂತು, ಅದರ ಭಾರಕ್ಕೆ ಕೈ ಜಗ್ಗಿತು. ಆಗ ಸಿಲ್ವೆಸ್ಟರ್ ಹತ್ತಿ ಬಂದ. ಏನಾದರೂ ಕುಹಕ ಆಡಿದ್ದರೆ ಎಷ್ಟು ಚೆನ್ನಾಗಿತ್ತು! ಅವನ ಕಣ್ಣು ಕೆಂಪಾಗಿತ್ತು. ಮೈಕಿನಿಂದ ದೂರ ನಿಂತು ಮೆಲ್ಲಗೆ ಹೇಳಿದ, "ಟೀಚರ್, ನಾನು ಪ್ರಸಾದ ತೆಗೆದುಕೊಂಡು ಬರುವಾಗ ನಿಮ್ಮನ್ನು ನೋಡಿದೆ. ನಾಚಿಕೆ ಆಯಿತು. ಬೀಗದ ಮಾತು ಕ್ಷಮಿಸಬೇಕು."

ಇನ್ನು ಹೇಳದಿದ್ದರೆ ನಾನು ಮನುಷ್ಯಳಲ್ಲ. ಮೈಕ್ ಎಳೆದುಕೊಂಡೆ. ಎಡ್ಮಂಡನ ಹೊಟ್ಟೆಯಿಂದ ಶುರುಮಾಡಿ ಅಕ್ಕುವಿನ ವೇಲಿನವರೆಗೆ ಎಲ್ಲವನ್ನೂ ಹೇಳಿದೆ. ಸಿಸ್ಟರ್ ಕನ್ನಡಕ ಹಾಕಿಕೊಂಡರು.

ಫಾದರ್ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. "ಅವರನ್ನು ಕೂರಿಸಿ ನೀವೊಬ್ಬರು ಬರಬಹುದಿತ್ತಲ್ಲ ಟೀಚರ್? ಯಾಕೆ ಏಳಲಿಲ್ಲ?"

"ಹೆದರಿಕೆ ಆಯಿತು ಫಾದರ್."

"ಯಾರದ್ದು? ತೀರ್ಪುಗಾರರದ್ದಾ?"

"ಅಲ್ಲ."

ಅವರು "ಈ ಸ್ಪರ್ಧೆಗೆ ಒಪ್ಪಿದ್ದು ನನ್ನ ತಪ್ಪು" ಎಂದು ಮೈಕಿನಲ್ಲೇ ಹೇಳಿ, ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅಕ್ಕುವಿಗೆ ಅಲ್ಲಿಂದಲೇ ಕೈ ಮುಗಿದರು. ನಿಯಮದ ಪ್ರಕಾರ ಶೀಲ್ಡ್ ಎರಡನೆಯ ಸ್ಥಾನದ ಫಾತಿಮಾ ವಾಳೆಗೆ ಹೋಗಬೇಕಿತ್ತು. ಸಿಲ್ವೆಸ್ಟರ್ ಮುಟ್ಟಲಿಲ್ಲ. ಅದನ್ನು ಈಗ ಪೂಜಾವಸ್ತ್ರಗಳ ಕೋಣೆಯ ಬಾಗಿಲಿಗೆ ಒರಗಿಸಿದ್ದಾರೆ, ಗಾಳಿಗೆ ಬಾಗಿಲು ಬಡಿಯುವುದಿಲ್ಲ. ಒಟ್ಟಿನಲ್ಲಿ ಮೌನಕ್ಕೆ ಅದರಿಂದ ಉಪಯೋಗವಾಗಿದೆ.

ಮನೆಗೆ ನಡೆಯುವಾಗ ಅಕ್ಕು, "ನನ್ನಿಂದ ನಿಮ್ಮ ಶೀಲ್ಡ್ ಹೋಯಿತಲ್ಲ ಬಾಯಮ್ಮಾ" ಎಂದಳು.

"ನಿನ್ನಿಂದಲ್ಲ ಮಾರಾಯ್ತಿ. ಸ್ವರ್ಗದ ಕಡೆಗೆ ಅಷ್ಟು ಚೆನ್ನಾಗಿ ನೋಡಿದ್ದು ನೀನೊಬ್ಬಳೇ ಅಂತೆ."

"ಸ್ವರ್ಗ ಎಲ್ಲಿ? ನನ್ನ ತಲೆಯ ನೇರಕ್ಕೆ ಮೇಲೆ ಮಾಡಿನ ತೊಲೆಯಲ್ಲಿ ಒಂದು ಪಾರಿವಾಳ ಕೂತಿತ್ತು. ನಿಮ್ಮ ಸೀರೆಗೆ ಎಂತ ಬೀಳಿಸುತ್ತದೋ ಎಂದು ನೋಡ್ತಾ ಇದ್ದೆ."

ನಾನು ರಸ್ತೆಯಲ್ಲೇ ನಿಂತು ನಕ್ಕೆ. ಅವಳು ನಗಲಿಲ್ಲ.

"ಮೊದಲು ನನಗೆ ಎಂತದ್ದೂ ಅನ್ನಿಸಲಿಲ್ಲ ಬಾಯಮ್ಮಾ. ಗಂಟೆ, ಧೂಪ, ಪದ್ಯ ಎಲ್ಲ ಚಂದ ಉಂಟು. ಆದರೆ ಎಲ್ಲರೂ ನಿಮ್ಮನ್ನು ನೋಡ್ತಾ ಇದ್ದರು, ನೀವು ಎಲ್ಲರನ್ನು ನೋಡ್ತಾ ಇದ್ದಿರಿ. ದೇವರನ್ನು ನೋಡುವವರು ಯಾರೂ ಕಾಣಲಿಲ್ಲ. ಕೊನೆಗೆ ನೀವು ಏಳಲು ಹೊರಟವರು ಕುಸಿದಿರಲ್ಲ, ನಿಮ್ಮ ಕೈ ನಡುಗಿತು. ನಿಮ್ಮಂತಹವರ ಕೈ ನಡುಗಬೇಕಾದರೆ ಅಲ್ಲಿ ಯಾರೋ ಇದ್ದಾರೆ ಎಂದು ನನಗೆ ಆಗಲೇ ಗೊತ್ತಾದದ್ದು."

ಮನೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಅರ್ಧ ಬಂಗುಡೆ ಪಕ್ಕದ ಮನೆಯ ಬೆಕ್ಕಿನ ಪಾಲಾಗಿತ್ತು. ನನಗೆ ಸಿಟ್ಟೂ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಅತ್ತೆ.

ಮುಂದಿನ ಭಾನುವಾರ ಇಗರ್ಜಿಯ ಮೆಟ್ಟಿಲಿನಲ್ಲಿ ನಾನು ಚಪ್ಪಲಿ ಬಿಟ್ಟೆ. ಯಾರಿಗೂ ಹೇಳಿರಲಿಲ್ಲ, ಡ್ರಿಲ್ ಇರಲಿಲ್ಲ, ಅಂಕವೂ ಇರಲಿಲ್ಲ. ನೆಲ ತಣ್ಣಗಿತ್ತು. ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಟಪ್ ಟಪ್ ಎಂದು ಚಪ್ಪಲಿ ಬಿಡುವ ಸಪ್ಪಳ ಕೇಳಿತು. ಒಂದು ಜೊತೆ, ಇನ್ನೊಂದು, ಆಮೇಲೆ ಬಹಳ. ಯಾರು ಯಾರು, ಎಷ್ಟು ಮಂದಿ ಎಂದು ನೋಡಲು ನನ್ನ ಕುತ್ತಿಗೆ ತನ್ನಷ್ಟಕ್ಕೆ ಅರ್ಧ ತಿರುಗಿತು. ಬೇಡ ಸೆಲೀನ್ ಎಂದೆ. ಮುಂದೆ ನೋಡಿಕೊಂಡೇ ನಡೆದೆ.